ನಾಯಕರು ತಯಾರಾಗಿದ್ದಾರೆ, ಮಂಜೂರಾತಿ ಬಾಕಿ ಇದೆ

ಹಿರಿಯ ಸರ್ಕಾರಿ ವೈದ್ಯಾಧಿಕಾರಿಗಳ ಇನ್ನೊಂದು ತಂಡ ನಾಯಕತ್ವ ಮತ್ತು ನೀತಿ ನಿರೂಪಣೆಯ ತರಬೇತಿ ಮುಗಿಸಿ ಹೊರಬಂದಿದೆ. ಫೋಟೊ ನೀವೂ ನೋಡಿರುತ್ತೀರಿ. ಪಾಠ ಹೇಳದವರೂ ಕೇಳದವರೂ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಕೇಳಿದವರು ಹಿಂದೆ ನಿಂತಿದ್ದಾರೆ, ಒಂದು ಕೈಯಲ್ಲಿ ಪ್ರಮಾಣಪತ್ರ, ಇನ್ನೊಂದು ಕೈಯಲ್ಲಿ ರೆಕ್ಸಿನ್ ಚೀಲ. ಅತಿಥಿಗಳಿಗೆ ಮೈಸೂರು ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಉದ್ಘಾಟಕರು ಎಂದಿನಂತೆ ದೂರದೃಷ್ಟಿಯ ಮಹತ್ವ ವಿವರಿಸಿ, ಇನ್ನೊಂದು ಕಾರ್ಯಕ್ರಮವಿದೆಯೆಂದು ಊಟಕ್ಕೂ ನಿಲ್ಲದೆ ಹೊರಟರು.

ನನಗೆ ತಕರಾರಿಲ್ಲ. ಸರ್ಕಾರ ಮಾಡುವ ಕೆಲಸಗಳಲ್ಲಿ ತರಬೇತಿಯಷ್ಟು ಅಚ್ಚುಕಟ್ಟಾಗಿ ಮುಗಿಯುವುದು ಬೇರೆ ಯಾವುದೂ ಇಲ್ಲ. ಆಸ್ಪತ್ರೆ ಕಟ್ಟಿದರೆ ಚಾವಣಿ ಸೋರುತ್ತದೆ, ಔಷಧ ಖರೀದಿಸಿದರೆ ಯಾರೋ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಾರೆ. ತರಬೇತಿಗೆ ಆ ಕಾಟವಿಲ್ಲ. ಗುರಿ ಇಷ್ಟು, ಸಾಧನೆ ಅಷ್ಟೇ, ಶೇಕಡಾ ನೂರು. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆ, ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ, ದೆಹಲಿಯ ಮುನೀರ್ಕಾದಲ್ಲಿ ರಾಷ್ಟ್ರೀಯ ಸಂಸ್ಥೆ. ಇವು ಸಾಲವೆಂದು 2020ರಲ್ಲಿ ಕೇಂದ್ರ ಸರ್ಕಾರ ‘ಮಿಷನ್ ಕರ್ಮಯೋಗಿ’ ಆರಂಭಿಸಿ ತರಬೇತಿಯನ್ನು ನೌಕರರ ಮೊಬೈಲಿಗೇ ಇಳಿಸಿತು. ಈಗ ಅಧಿಕಾರಿಯೊಬ್ಬರು ಒಂದು ಮೊಬೈಲಿನಲ್ಲಿ ಕರ್ಮಯೋಗದ ವಿಡಿಯೊ ಓಡಲು ಬಿಟ್ಟು, ಇನ್ನೊಂದರಲ್ಲಿ ಜಿಲ್ಲಾ ವಿಡಿಯೊ ಕಾನ್ಫರೆನ್ಸಿಗೆ ‘ಹೌದು ಸರ್, ಮಾಡಿಸುತ್ತೇನೆ ಸರ್’ ಎನ್ನಬಹುದು. ಫಲಾಪೇಕ್ಷೆಯಿಲ್ಲದ ಕರ್ಮವೆಂದರೆ ಇದಕ್ಕಿಂತ ಶುದ್ಧವಾದದ್ದು ಸಿಗಲಾರದು.

ಇನ್ನು ನಾಯಕರಾಗುವವರು ಯಾರು? ಇಪ್ಪತ್ತೇಳರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಏರುವಷ್ಟರಲ್ಲಿ ಜ್ಯೇಷ್ಠತಾ ಪಟ್ಟಿ ನ್ಯಾಯಾಲಯಕ್ಕೆ ಹೋಗಿ ಬಂದು, ಮತ್ತೆ ಹೋಗಿ, ಕೊನೆಗೂ ‘ಪ್ರಭಾರ’ ಎಂಬ ಬಾಲದೊಂದಿಗೆ ಕುರ್ಚಿ ಸಿಗುವಾಗ ಐವತ್ತೆಂಟು ದಾಟಿರುತ್ತದೆ. ಅರವತ್ತಕ್ಕೆ ನಿವೃತ್ತಿ. ನಡುವಿನ ಅವಧಿಯಲ್ಲಿ ಪಿಂಚಣಿ ಕಾಗದಗಳು, ಮಗಳ ಮದುವೆ ಮತ್ತು ನಾಯಕತ್ವ. ನೀತಿ ನಿರೂಪಣೆಯ ಸೂಕ್ಷ್ಮಗಳು ತಲೆಗೆ ಹತ್ತುವ ಹೊತ್ತಿಗೆ ಬೀಳ್ಕೊಡುಗೆ ಸಮಾರಂಭದ ಶಾಲು ಬಂದಿರುತ್ತದೆ.

ತರಬೇತಿಗೆ ಹೋದ ದಿನಗಳಲ್ಲಿ ತಾಲ್ಲೂಕಿನಲ್ಲಿ ಏನಾಗುತ್ತದೆ ಎಂಬುದು ಯಾವ ಕೈಪಿಡಿಯಲ್ಲೂ ಇಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ತಾಲ್ಲೂಕು ಆರೋಗ್ಯಾಧಿಕಾರಿಯ ಪ್ರಭಾರ ಹೋಬಳಿ ಕೇಂದ್ರದ ವೈದ್ಯರಿಗೆ. ಅವರು ತಾಲ್ಲೂಕು ಕಚೇರಿಯಲ್ಲಿ ಸೀಲು ಹಿಡಿದು ಕುಳಿತರೆ ಅವರ ಕೇಂದ್ರದ ಪ್ರಭಾರ ಇನ್ನೊಂದು ಕೇಂದ್ರದ ಗುತ್ತಿಗೆ ವೈದ್ಯರಿಗೆ. ಅವರು ಎರಡೂ ಕಡೆ ಇರಲಾರರಾದ್ದರಿಂದ ಒಂದು ಕಡೆ ಶುಶ್ರೂಷಾಧಿಕಾರಿಗೆ. ಗುರುವಾರ ಅವರು ಲಸಿಕೆಗೆ ಹಳ್ಳಿಗೆ ಹೋದರೆ ಫಾರ್ಮಸಿಸ್ಟರಿಗೆ. ಅವರಿಗೆ ಅಂದೇ ಇಂಡೆಂಟ್ ತರಲು ಜಿಲ್ಲಾ ಉಗ್ರಾಣಕ್ಕೆ ಹೋಗಬೇಕಾಗಿ ಬಂದರೆ ಕೊನೆಗೆ ಉಳಿಯುವವನು ಹೊರಗುತ್ತಿಗೆಯ ಗ್ರೂಪ್ ಡಿ ನೌಕರ. ಎದೆ ಹಿಡಿದುಕೊಂಡು ಬಂದ ಮುದುಕನನ್ನು ಬಾಗಿಲಲ್ಲೇ ನೋಡಿ, ಇದು ‘ಸೋಮವಾರ ಬನ್ನಿ’ ಎನ್ನುವ ಕೇಸೋ 108ಕ್ಕೆ ಫೋನ್ ಮಾಡುವ ಕೇಸೋ ಎಂದು ಅವನೇ ತೀರ್ಮಾನಿಸುತ್ತಾನೆ. ಹವಾನಿಯಂತ್ರಿತ ಸಭಾಂಗಣದಲ್ಲಿ ಅದೇ ಗಳಿಗೆಯಲ್ಲಿ ‘ಒತ್ತಡದಲ್ಲಿ ನಿರ್ಧಾರ ಕೈಗೊಳ್ಳುವ ಕಲೆ’ಯ ಪರದೆಚಿತ್ರ ಓಡುತ್ತಿರುತ್ತದೆ. ಬಾಗಿಲಲ್ಲಿರುವ ಆ ನೌಕರನಿಗೆ ಮೂರು ತಿಂಗಳಿಂದ ಸಂಬಳ ಬಂದಿಲ್ಲ, ಏಜೆನ್ಸಿಯವನು ಫೋನ್ ಎತ್ತುತ್ತಿಲ್ಲ. ಆ ಬಗ್ಗೆ ಯಾವ ಅಧಿವೇಶನವೂ ಇಲ್ಲ.

ಮೊದಲ ದಿನ ಹೊಂದಾಣಿಕೆಯ ಆಟಗಳು. ಹಳೆಯ ಪತ್ರಿಕೆಗಳನ್ನೂ ಅಂಟುಪಟ್ಟಿಯನ್ನೂ ಕೊಟ್ಟು, ಹತ್ತು ನಿಮಿಷದಲ್ಲಿ ಎತ್ತರದ ಗೋಪುರ ಕಟ್ಟಿ ಎನ್ನುತ್ತಾರೆ. ಮೂವತ್ತು ವರ್ಷ ಹೆರಿಗೆ ಮಾಡಿಸಿದವರು, ಕಣ್ಣಿನ ಪೊರೆ ತೆಗೆದವರು ನೆಲದ ಮೇಲೆ ಕುಳಿತು ಕಾಗದ ಸುರುಳಿ ಸುತ್ತುತ್ತಾರೆ. ತರಬೇತುದಾರ ಎಂಬಿಎ ಮುಗಿಸಿದ ಹುಡುಗ. ‘ಆರಾಮದ ವಲಯದಿಂದ ಹೊರಬನ್ನಿ’ ಎಂದು ಉತ್ಸಾಹದಿಂದ ಕರೆ ಕೊಡುತ್ತಾನೆ. ಎದುರಿಗೆ ಕುಳಿತವರಲ್ಲಿ ಕೆರೆ ಏರಿಯ ಹುಣಸೆ ಮರದಡಿ, ಊರವರೆಲ್ಲ ಸುತ್ತ ನಿಂತು ನೋಡುತ್ತಿರುವಾಗ, ಕೊಳೆತ ಹೆಣದ ಮರಣೋತ್ತರ ಪರೀಕ್ಷೆ ಮಾಡಿ, ಕೈ ತೊಳೆಯಲು ನೀರು ಕೇಳಿ ಬೈಸಿಕೊಂಡವರಿದ್ದಾರೆ. ಅವರು ಯಾವ ವಲಯದಿಂದ ಹೊರಬರಬೇಕೋ ಆ ಹುಡುಗನೇ ಬಲ್ಲ.

ಚೀಲದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಸಾರ ಅದರಲ್ಲಿದೆ. ಚೀಲದೊಳಗೆ ಸ್ಪೈರಲ್ ಬೈಂಡಿಂಗ್ ಮಾಡಿದ ಕೈಪಿಡಿ, ಗೆರೆಯಿಲ್ಲದ ನೋಟ್‌ಪ್ಯಾಡ್, ಎರಡನೇ ಪುಟಕ್ಕೆ ನಿಂತುಹೋಗುವ ಪೆನ್ನು. ಆರೋಗ್ಯ ಇಲಾಖೆಯ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ನಿವೃತ್ತ ವೈದ್ಯಾಧಿಕಾರಿಯ ಮನೆಯ ಅಟ್ಟ ಹತ್ತಿದರೆ ಸಾಕು. 1995ರ ನಂತರದ ಪಲ್ಸ್ ಪೋಲಿಯೊ ಬಟ್ಟೆ ಚೀಲ, ಕೆಂಪು ರಿಬ್ಬನ್ನಿನ ಏಡ್ಸ್ ನಿಯಂತ್ರಣದ ಚೀಲ, 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಅಭಿಯಾನದ ಚೀಲ. 2013ರಲ್ಲಿ ನಗರವನ್ನೂ ಸೇರಿಸಿಕೊಂಡು ಅಭಿಯಾನದ ಹೆಸರಿನಿಂದ ‘ಗ್ರಾಮೀಣ’ ಕಳಚಿತು, ಚೀಲಕ್ಕೆ ಹೊಸ ಮುದ್ರೆ ಬಂತು. ಕೆಲವು ಚೀಲಗಳಲ್ಲಿ ಈಗ ಒಣಮೆಣಸಿನಕಾಯಿ ಇದೆ, ಇನ್ನು ಕೆಲವು ಜಿಪ್ ಕೂಡ ತೆಗೆಯದೆ ಹಾಗೆಯೇ ಇವೆ. ಚೀಲ ಸಾಲದ್ದಕ್ಕೆ ತರಬೇತಿ ಮುಂದೂಡಿದ್ದನ್ನು ಎಲ್ಲಾದರೂ ಕೇಳಿದ್ದೀರಾ? ಬೇಕಾದ ಸಂಖ್ಯೆಯಲ್ಲಿ, ಬೇಕಾದ ದಿನಕ್ಕಿಂತ ಮೊದಲೇ, ಗುಣಮಟ್ಟದ ಯಾವ ವಿವಾದವೂ ಇಲ್ಲದೆ ಇಲಾಖೆ ಖರೀದಿಸುವ ಏಕೈಕ ಸಾಮಗ್ರಿ ಅದು. ಹಾವು ಕಚ್ಚಿದವನನ್ನು ಔಷಧವಿಲ್ಲವೆಂದು ಮುಂದಿನ ಆಸ್ಪತ್ರೆಗೆ ಸಾಗಹಾಕಿದ ಸುದ್ದಿಯನ್ನಂತೂ ಕೇಳುತ್ತಲೇ ಇದ್ದೇವೆ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರಲ್ಲಿ ರಾಜ್ಯ ಆದೇಶಿಸಿತು. ವರದಿ ಬರುತ್ತದೆ, ಅನುಮಾನ ಬೇಡ. ಔಷಧ ಖರೀದಿಯನ್ನು ಚೀಲ ಖರೀದಿಸುವವರಿಗೆ ವಹಿಸಿ ನೋಡಬಾರದೇಕೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ನೀತಿಯ ಪಾಠ ಬ್ರಿಟಿಷರ ಕಾಲದಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯಿಂದ ಶುರು. ಅದು 1946ರಲ್ಲಿ, ಹತ್ತರಿಂದ ಇಪ್ಪತ್ತು ಸಾವಿರ ಜನರಿಗೊಂದು 75 ಹಾಸಿಗೆಗಳ ಆಸ್ಪತ್ರೆ ಇರಬೇಕೆಂದು ಮುಂದಿನ ಕಾಲಕ್ಕೆ ಕನಸು ಕಂಡಿತ್ತು. ಮುಂದಿನ ಕಾಲ ಬಂದಿದೆ. ಮೂವತ್ತು ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ಆರು ಹಾಸಿಗೆ, ಎರಡರ ಮೇಲೆ ರಿಜಿಸ್ಟರುಗಳು ಮಲಗಿರುತ್ತವೆ. ಆಮೇಲೆ 2017ರ ರಾಷ್ಟ್ರೀಯ ಆರೋಗ್ಯ ನೀತಿ. 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚ ಒಟ್ಟು ದೇಶೀಯ ಉತ್ಪನ್ನದ ಶೇ 2.5ಕ್ಕೆ ಏರಬೇಕು ಎಂದಿತ್ತು. ಏರಲಿಲ್ಲ. ಆದರೆ ಪರದೆಯ ಮೇಲೆ ಆ ಅಂಕಿ ಇನ್ನೂ ‘ಗುರಿ’ ಎಂಬ ಶೀರ್ಷಿಕೆಯಡಿ ಹಸಿರು ಬಣ್ಣದಲ್ಲೇ ಹೊಳೆಯುತ್ತದೆ. ಊಟದ ನಂತರದ ಅವಧಿಯಾದ್ದರಿಂದ ಯಾರೂ ಪ್ರಶ್ನೆ ಕೇಳುವುದಿಲ್ಲ. ನಮ್ಮದೇ ರಾಜ್ಯದಲ್ಲಿ ಡಾ. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟು, ಇಲಾಖೆಗೆ ಹಿಡಿದಿರುವ ರೋಗಗಳಲ್ಲಿ ಭ್ರಷ್ಟಾಚಾರವನ್ನೂ ಹೆಚ್ಚುತ್ತಿರುವ ನಿರಾಸಕ್ತಿಯನ್ನೂ ಹೆಸರಿಸಿಯೇ ಬರೆದಿತ್ತು. ಅದನ್ನು ಒಂದು ಮಧ್ಯಾಹ್ನ ಕುಳಿತು ಓದಿಸಿದ್ದರೆ ಚೀಲದ ಖರ್ಚೂ ಉಳಿಯುತ್ತಿತ್ತು.

ಇಷ್ಟೆಲ್ಲ ಕಲಿತ ನಾಯಕ ಊರಿಗೆ ಮರಳಿ ಏನು ಮಾಡಬಹುದು ಎಂಬುದನ್ನೂ ನೋಡೋಣ. ಲಸಿಕೆ ಇಡುವ ಐಎಲ್‌ಆರ್ ಎಂಬ ಶೀತಲ ಪೆಟ್ಟಿಗೆ ಕೆಟ್ಟಿದೆ ಎಂದುಕೊಳ್ಳಿ. ಒಳಗೆ ಎರಡರಿಂದ ಎಂಟು ಡಿಗ್ರಿ ಇರಬೇಕು, ದಿನಕ್ಕೆರಡು ಸಲ ನೋಡಿ ಬರೆಯಬೇಕು. ಬರೆಯುವ ಚಾರ್ಟು ಸುಸ್ಥಿತಿಯಲ್ಲಿದೆ. ರಿಪೇರಿಗೆ ಜಿಲ್ಲೆಯಿಂದ ಮೆಕ್ಯಾನಿಕ್ ಬರಬೇಕು, ಆತ ಇನ್ನೊಂದು ಜಿಲ್ಲೆಯ ಪ್ರಭಾರದಲ್ಲೂ ಇದ್ದಾನೆ. ಬಿಡಿಭಾಗ ಕೊಳ್ಳಲು ಮೂರು ಕೊಟೇಶನ್. ಜನರೇಟರಿನ ಡೀಸೆಲ್ಲಿಗೆ ಆರೋಗ್ಯ ರಕ್ಷಾ ಸಮಿತಿಯ ಒಪ್ಪಿಗೆ, ಸಮಿತಿಯ ಸಭೆಗೆ ಶಾಸಕರ ಬಿಡುವು. ಬಾರದ ವೈದ್ಯನಿಗೆ ನೋಟಿಸ್ ಕೊಟ್ಟರೆ ಸಂಜೆಯೊಳಗೆ ಮೇಲಿನಿಂದ ಫೋನ್, ನೋಟಿಸ್ ಕೊಟ್ಟವರಿಗೇ ವರ್ಗಾವಣೆ. ಕಸಗುಡಿಸುವವನನ್ನು ನೇಮಿಸುವ ಅಧಿಕಾರವೂ ಕೈಯಲ್ಲಿಲ್ಲ, ತೆಗೆಯುವ ಅಧಿಕಾರವೂ ಇಲ್ಲ. ಕುದುರೆ ಕೊಟ್ಟ ಮೇಲಲ್ಲವೇ ಏರಲು ಬಾರದವನ ಶೌರ್ಯದ ವಿಚಾರಣೆ? ಇಲ್ಲಿ ಲಾಯವೇ ಖಾಲಿ, ಸವಾರಿಯ ಪಾಠ ಮಾತ್ರ ಸಾಂಗವಾಗಿ ನಡೆದಿದೆ.

ಮಾದರಿ ಪ್ರಕರಣಗಳ ಅಧ್ಯಯನ ಎಂಬ ಅವಧಿಯೂ ಇರುತ್ತದೆ. ಖಾಯಂ ಆಗಿ ಬರುವವರು ಮುಂಬೈಯ ಡಬ್ಬಾವಾಲಾಗಳು. ಅವರ ಶಿಸ್ತು, ಸಮಯಪಾಲನೆ, ಡಬ್ಬಿಯ ಮೇಲಿನ ಬಣ್ಣದ ಗುರುತು, ಎಲ್ಲವೂ ನಿಜ. ಅವರಿಗೆ ಡಬ್ಬಿ ಎತ್ತಲು ಟೆಂಡರ್ ಕರೆಯಬೇಕಿಲ್ಲ ಎಂಬುದು ಮಾತ್ರ ಪರದೆಯ ಮೇಲೆ ಬರುವುದಿಲ್ಲ. ಅಷ್ಟು ದೂರ ಯಾಕೆ ಹೋಗಬೇಕೋ ತಿಳಿಯದು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಬಯಲು ಮಾಡಿದ್ದು ಬೆಂಗಳೂರಿನ ಪೊಲೀಸರು. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರಲ್ಲಿ ಐವರು ಸತ್ತರು, ಅನುಮಾನ ಅವರ ನರಕ್ಕೆ ಹರಿಸಿದ ದ್ರಾವಣದ ಮೇಲೆ. ಅದನ್ನು ತಯಾರಿಸಿದ ಕಂಪನಿಯ ಬಾಟಲಿಗಳ ಮೇಲೆ ಅನುಮಾನ ಹೊಸತೇನೂ ಆಗಿರಲಿಲ್ಲ. ರಾಜ್ಯದ ಪ್ರಯೋಗಾಲಯ ಒಂದು ಹೇಳಿತ್ತು, ಕೇಂದ್ರದ್ದು ಇನ್ನೊಂದು ಹೇಳಿತ್ತು. ಸಾವಿನ ನಂತರ ಔಷಧ ನಿಯಂತ್ರಕರ ಅಮಾನತಾಯಿತು.

ಚಾಮರಾಜನಗರ? 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯ ಕೋವಿಡ್ ರೋಗಿಗಳಿಗೆ ಆಮ್ಲಜನಕ ಮುಗಿಯುತ್ತಾ ಬಂತು. ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು. ಎರಡು ಊರುಗಳ ನಡುವೆ ಇರುವುದು ಅರವತ್ತು ಚಿಲ್ಲರೆ ಕಿಲೋಮೀಟರ್ ರಸ್ತೆ. ಒಳಗೆ ಮಲಗಿದವರು ಹೊರಗಿದ್ದವರಿಗೆ ಫೋನ್ ಮಾಡಿ ಉಸಿರು ಸಿಗುತ್ತಿಲ್ಲ ಎನ್ನುತ್ತಿದ್ದರು. ಬೆಳಗಾದ ಮೇಲೆ ಯಾರು ಕೇಳಲಿಲ್ಲ, ಯಾರು ಕೊಡಲಿಲ್ಲ ಎಂಬ ಜಗಳ ಎರಡು ಜಿಲ್ಲೆಗಳ ನಡುವೆ ಶುರುವಾಯಿತು. ಸರ್ಕಾರದವರು ಸತ್ತವರು 24 ಎಂದರು. ಅದರಲ್ಲಿ ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂದರು. ಹೈಕೋರ್ಟ್ ರಚಿಸಿದ ಸಮಿತಿ 36 ಎಂದಿತು. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಆ ರಾತ್ರಿ ಒಬ್ಬ ಅಧಿಕಾರಿ, ಒಬ್ಬರಾದರೂ, ಕಡತ ಆಮೇಲೆ ನೋಡೋಣ, ಲಾರಿ ಹೊರಡಲಿ ಎಂದು ಹೇಳಿ, ಅದು ನಡೆಯುವಂತಿದ್ದಿದ್ದರೆ ಸಾಕಿತ್ತು. ಹಾಗೆ ಹೇಳಿದವರನ್ನು ಮರುದಿನ ಕಾಯುವ ಒಂದು ಸರ್ಕಾರ ಬೇಕಿತ್ತು. ಅದಕ್ಕೆ ಪರದೆಚಿತ್ರ ಬೇಕಾಗಿರಲಿಲ್ಲ. ಈ ಪಾಠವನ್ನು ಯಾವ ತರಬೇತಿಯಲ್ಲಿ ಸೇರಿಸಿದ್ದಾರೆ ಎಂದು ಕೇಳಿ ಕೇಳಿ ಬೇಸತ್ತಿದ್ದೇನೆ.

ಪುಣ್ಯಕ್ಕೆ ನನ್ನ ಬಳಿ ಒಂದು ಸಲಹೆಯಿದೆ, ಖರ್ಚೂ ಕಡಿಮೆ. ಮುಂದಿನ ತಂಡಕ್ಕೆ ವೈದ್ಯರನ್ನು ಕರೆಯಬೇಡಿ. ಆರ್ಥಿಕ ಇಲಾಖೆಯಲ್ಲಿ ‘ಪರಿಶೀಲಿಸಿ ಮಂಡಿಸಿ’ ಎಂದು ಷರಾ ಬರೆಯುವವರನ್ನು, ವರ್ಗಾವಣೆ ಚೀಟಿ ಕೊಡುವ ಶಾಸಕರನ್ನು, ಸಂಜೆ ಫೋನ್ ಮಾಡುವ ಆಪ್ತ ಸಹಾಯಕರನ್ನು ಕರೆಯಿರಿ. ವಿಷಯ: ಅಡ್ಡ ಬಾರದಿರುವುದು ಹೇಗೆ. ಚೀಲ ಅವರಿಗೂ ಕೊಡಿ, ಬೇಕಾದರೆ ಎರಡೆರಡು ಕೊಡಿ.

ಸದ್ಯಕ್ಕೆ ಹೊರಬಂದಿರುವ ನಾಯಕರ ಮುಂದಿರುವ ಮೊದಲ ಸವಾಲು ಪ್ರಯಾಣಭತ್ಯೆ. ಬಿಲ್ಲು ಖಜಾನೆಯಿಂದ ಆಕ್ಷೇಪಣೆಯೊಂದಿಗೆ ವಾಪಸು ಬರುವುದು ವಾಡಿಕೆ. ನನ್ನ ಪರಿಚಯದ ಒಬ್ಬ ಹಿರಿಯ ವೈದ್ಯರ ಬಿಲ್ಲಿಗೆ ಬಂದ ಆಕ್ಷೇಪಣೆ, ‘ತರಬೇತಿಯ ಮೂಲ ಪ್ರಮಾಣಪತ್ರ ಲಗತ್ತಿಸಿಲ್ಲ’ ಎಂದು. ಅವರು ಅದಕ್ಕೆ ಗಾಜು ಹಾಕಿಸಿ, ಕಟ್ಟು ಹಾಕಿಸಿ ಕೊಠಡಿಯ ಗೋಡೆಗೆ ಮೊಳೆ ಹೊಡೆಸಿದ್ದರು. ಈಗ ಫ್ರೇಮು ಬಿಚ್ಚಿಸಬೇಕೋ, ಫ್ರೇಮಿನ ಸಮೇತ ಲಗತ್ತಿಸಬಹುದೋ ಎಂದು ಮೇಲಧಿಕಾರಿಗಳಿಂದ ಸ್ಪಷ್ಟೀಕರಣ ಕೋರಿ ಪತ್ರ ಬರೆದಿದ್ದಾರೆ.