ಹಳಸಿದ ಪೆಟ್ರೋಲನ್ನು ಯಾರ ಕೈಗೆ ಕೊಡಬೇಕು?

2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಮುಠಾ ನದಿ ಉಕ್ಕಿ ಪುಣೆಯ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನುಗ್ಗಿದ ದಿನ, ಅಲ್ಲಿಂದ ಬಹಳ ದೂರವಿಲ್ಲದ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿಯೂ ಸೊಂಟದ ಮಟ್ಟಕ್ಕೆ ನೀರು ನಿಂತಿತ್ತು. ನೀರು ಇಳಿದ ಮೇಲೆ, ಕೆಸರು ಮೆತ್ತಿದ ಸ್ಕೂಟರ್‌ಗಳನ್ನು ಗೇಟಿನ ಬಳಿ ಸಾಲಾಗಿ ನಿಲ್ಲಿಸಿ, ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ಕರು ಒಂದೊಂದರ ಟ್ಯಾಂಕನ್ನೂ ಬರಿದು ಮಾಡತೊಡಗಿದರು. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಇಪ್ಪತ್ತು ವರ್ಷದಿಂದ ಇಲ್ಲಿದ್ದರೂ ನನ್ನೊಂದಿಗೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ತೆಳು ಪೈಪಿನ ಒಂದು ತುದಿಯನ್ನು ಟ್ಯಾಂಕಿಗೆ ಇಳಿಸಿ, ಇನ್ನೊಂದನ್ನು ಬಾಯಿಗಿಟ್ಟು ಎಳೆದು, ಪೆಟ್ರೋಲ್ ತುಟಿಗೆ ತಾಗುವ ಮುನ್ನ ಪೈಪನ್ನು ಕುಡಿಯುವ ನೀರಿನ ಹಳೆಯ ಬಾಟಲಿಯೊಳಗೆ ಬಿಡುತ್ತಿದ್ದರು. ತುಂಬಿದ ಬಾಟಲಿಯನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದರು. ಮೇಲೆ ತಿಳಿಯಾದ ಪೆಟ್ರೋಲ್, ತಳದಲ್ಲಿ ಎರಡು ಬೆರಳಿನಷ್ಟು ಮಬ್ಬು ದ್ರವ, ನಡುವೆ ದಾರ ಎಳೆದಂತೆ ಒಂದು ಗೆರೆ. "ಮ್ಯಾಲಿಂದು ಚೊಲೋ ಐತ್ರಿ ಸರ, ಬ್ಯಾರೆ ಗಾಡಿಗೆ ನಡೀತೈತಿ. ಕೆಳಗಿಂದಷ್ಟ ಚೆಲ್ಲಿದ್ರ ಆತು," ಎಂದರು.

ಕೆಳಗಿನದನ್ನು ಅವರು ಚೆಲ್ಲಿದ್ದು ಮಳೆನೀರು ಹೋಗುವ ಜಾಲರಿಯೊಳಗೆ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ವಾಹನಗಳ ಟ್ಯಾಂಕುಗಳು ಹೀಗೆ ಬರಿದಾದವು. ಮಳೆನೀರಿನ ಕಾಲುವೆಗೂ ಒಳಚರಂಡಿಗೂ ಎಲ್ಲೋ ಸಂಪರ್ಕವಿದ್ದಿರಬೇಕು; ಸಂಜೆ ನೆಲಮಹಡಿಯ ಮೂರು ಮನೆಗಳ ಬಚ್ಚಲುಗಳಲ್ಲಿ ಪೆಟ್ರೋಲ್ ವಾಸನೆ ಏಳತೊಡಗಿತು. ದೇವರ ದೀಪ ಹಚ್ಚುವ ಹೊತ್ತು ಅದು. ನಾನು ಮನೆಯಿಂದ ಮನೆಗೆ ಓಡಿ, ದೀಪ ಹಚ್ಚಬೇಡಿ, ಗ್ಯಾಸ್ ಒಲೆ ಹೊತ್ತಿಸಬೇಡಿ, ಸ್ವಿಚ್ಚುಗಳನ್ನು ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ ಎಂದು ಬೇಡಿಕೊಂಡೆ. ಆ ಒಂದು ಗಂಟೆಯಲ್ಲಿ ನನಗಾದ ಭಯವೇ ಈ ಬರಹಕ್ಕೆ ಕಾರಣ.

ಅನ್ನ ಹಳಸಿದರೆ ಅದರ ಗುಣವೇ ಹೋಗಿಬಿಡುತ್ತದೆ. ಪೆಟ್ರೋಲ್ ಹಳಸಿದರೆ ಎಂಜಿನ್‌ಗೆ ಬೇಕಾದ ಗುಣ ಹೋಗುತ್ತದೆಯೇ ಹೊರತು ಬೆಂಕಿಯ ಗುಣ ಹೋಗುವುದಿಲ್ಲ. ಈ ಒಂದು ಸಂಗತಿಯನ್ನು ನಾವು ಮನಸ್ಸಿಗೆ ತಂದುಕೊಂಡಿಲ್ಲವೆಂದು ನನಗೆ ತೋರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಹಗುರವಾದ ಅಂಶಗಳು ಮೊದಲು ಆರುತ್ತವೆ, ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ, ವಾಸನೆ ವಾರ್ನಿಷ್‌ನಂತೆ ಹುಳಿಯಾಗುತ್ತದೆ. ಆದರೂ ಹೊತ್ತಿಕೊಳ್ಳುವುದರಲ್ಲಿ ಅದು ಹಿಂದೆ ಬೀಳುವುದಿಲ್ಲ. ಹೊಸ ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಯಲ್ಲಿ ಶೇಕಡಾ 1.4ರಷ್ಟು ಬೆರೆತರೂ ಒಂದು ಕಿಡಿ ಸಾಕು. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಅದು ಮೇಲೆ ಹಾರಿಹೋಗದೆ ನೆಲಕ್ಕಂಟಿ ಹರಿಯುತ್ತದೆ, ತಗ್ಗು ಹುಡುಕುತ್ತದೆ. ಚರಂಡಿಗಿಂತ ತಗ್ಗಾದ, ಅದಕ್ಕಿಂತ ಮುಚ್ಚಿದ ಜಾಗ ಊರಿನಲ್ಲಿ ಬೇರೆ ಯಾವುದಿದೆ? ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ 1992ರ ಏಪ್ರಿಲ್ 22ರಂದು, ಸೋರಿದ ಪೈಪಿನಿಂದ ಒಳಚರಂಡಿಗೆ ಸೇರಿದ ಪೆಟ್ರೋಲ್ ಸ್ಫೋಟಗೊಂಡು ಕಿಲೋಮೀಟರ್‌ಗಟ್ಟಲೆ ರಸ್ತೆ ಸಿಡಿಯಿತು, 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸೋರಿದ್ದರ ಪ್ರಮಾಣ ಬೇರೆ, ನಾವು ಸುರಿದದ್ದರ ಪ್ರಮಾಣ ಬೇರೆ. ಆದರೆ ನೆಲಮಹಡಿಯ ಒಂದು ಬಚ್ಚಲುಮನೆಗೆ ಬೆಂಕಿ ಬೀಳಲು ಅಷ್ಟೆಲ್ಲ ಬೇಕಾಗುವುದೂ ಇಲ್ಲ.

ಇಂಡಿ ಕಡೆಯ ಆ ಮೆಕ್ಯಾನಿಕ್ಕರ ಮೇಲೆ ತಪ್ಪು ಹೊರಿಸಲು ನಾನು ಇದನ್ನು ಹೇಳುತ್ತಿಲ್ಲ. ಅವರು ಮಾಡಿದ್ದನ್ನೇ ನಮ್ಮೂರಿನಲ್ಲಿ ನಾವೂ ಬೇರೆ ರೀತಿಯಲ್ಲಿ ಮಾಡುತ್ತ ಬಂದಿದ್ದೇವೆ. ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟ. ಮಳೆ ಹಿಡಿದ ಮೇಲೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಕ್ಯಾನಿನಲ್ಲಿ ಇಡುವುದು, ಕೆಲಸ ಮುಗಿದ ಮೇಲೆ ಉಳಿದ ಒಂದೆರಡು ಲೀಟರನ್ನು ಕೊಟ್ಟಿಗೆಯ ಮೂಲೆಯಲ್ಲಿ ಮರೆತುಬಿಡುವುದು, ಮುಂದಿನ ಮಳೆಗಾಲದಲ್ಲಿ ಯಂತ್ರ ಶುರುವಾಗದಿದ್ದಾಗ ಆ ಕ್ಯಾನಿನ ನೆನಪಾಗುವುದು ಅಲ್ಲಿನ ಪ್ರತಿ ಮನೆಯ ಕಥೆ. ಹಾಗೆ ಕೆಟ್ಟದ್ದು ಒರಲೆ ಹುತ್ತಕ್ಕೆ ಹೋಗುತ್ತದೆ, ಇಲ್ಲವೇ ದರಕು, ಅಂದರೆ ಉದುರಿದ ಎಲೆ, ಸುಡಲು ಹೋಗುತ್ತದೆ. ನನಗೆ ಹದಿನಾರು ವರ್ಷವಿದ್ದಾಗ ಒದ್ದೆ ದರಕಿನ ರಾಶಿಗೆ ಹೀಗೆ ಹಳೆಯ ಪೆಟ್ರೋಲ್ ಸುರಿದು, ಜಾಣತನ ಮಾಡಿದೆನೆಂದುಕೊಂಡು ಹತ್ತು ಹೆಜ್ಜೆ ಹಿಂದೆ ಸರಿದು ಕಡ್ಡಿ ಗೀರಿದ್ದೆ. ಬೆಂಕಿ ರಾಶಿಯಿಂದ ನನ್ನ ಕಡೆಗೆ ಬರಲಿಲ್ಲ, ನನ್ನ ಕೈಯಿಂದ ರಾಶಿಯ ಕಡೆಗೆ ಓಡಿತು. ಆವಿ ಅಷ್ಟರಲ್ಲಿಯೇ ನನ್ನ ಕಾಲಬುಡಕ್ಕೆ ಹರಿದು ಬಂದಿತ್ತು. ಹುಬ್ಬು ಸುಟ್ಟಿತು, ಬಲಗೈಯ ಮೇಲಿನ ಕಲೆ ಇಂದಿಗೂ ಇದೆ.

ಆದರೂ ಊರಿನ ರೀತಿಯಲ್ಲಿ ಒಂದು ಒಳ್ಳೆಯದಿತ್ತು. ಸುರಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಸುರಿಯುವವನಿಗೆ ತಿಳಿದಿರುತ್ತಿತ್ತು. ಅಪ್ಪಯ್ಯ ಹುತ್ತಕ್ಕೆ ಪೆಟ್ರೋಲ್ ಹಾಕುವುದನ್ನು ನಿಲ್ಲಿಸಿದ್ದು ಯಾವ ನಿಯಮ ಓದಿಯೂ ಅಲ್ಲ. ಹುತ್ತದಿಂದ ಇಳಿಜಾರಿನಲ್ಲಿ ನಮ್ಮದೇ ಕುಡಿಯುವ ನೀರಿನ ಬಾವಿ ಇತ್ತು, ನಮ್ಮಲ್ಲಿನ ಜಂಬಿಟ್ಟಿಗೆ ಮಣ್ಣು ನೀರನ್ನು ಹೇಗೆ ಇಂಗಿಸುತ್ತದೆಂದು ಅವರಿಗೆ ಗೊತ್ತಿತ್ತು, ಅಷ್ಟೇ. ಅವರ ಅಂದಾಜು ಸರಿಯಾಗಿಯೇ ಇತ್ತು. ಈಗಿನ ಬಿಎಸ್ 6 ಮಾನದಂಡದ ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ 1ರ ತನಕ ಇರಬಹುದು. ಅದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿದರೆ, ಒಂದು ಲೀಟರ್ ಪೆಟ್ರೋಲಿನಲ್ಲಿರಬಹುದಾದ ಬೆಂಜೀನ್ ಪೂರ್ತಿಯಾಗಿ ನೀರು ಸೇರಿದರೆ ಎಂಟು ಲಕ್ಷಕ್ಕೂ ಹೆಚ್ಚು ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಬಹುಭಾಗ ಆವಿಯಾಗಿ ಹೋದರೂ ಮಣ್ಣಿನೊಳಗೆ ಇಳಿದದ್ದು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಪುಣೆಯಲ್ಲಿ ಜಾಲರಿಯ ಕೆಳಗೆ ಏನಿದೆಯೆಂದು ಯಾರೂ ಯೋಚಿಸುವುದಿಲ್ಲ. ಅಲ್ಲಿ ಹೂಳು ತೆಗೆಯಲು ಇಳಿಯುವ ಮನುಷ್ಯನಿದ್ದಾನೆ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯಿದೆ ನಿಷೇಧಿಸಿದ್ದರೂ ಇಳಿಸುವುದು ನಿಂತಿಲ್ಲ. ಮುಂದೆ ಮುಠಾ ನದಿಯಿದೆ. ಮುಠಾ ಮುಳಾ ನದಿಯನ್ನು ಸೇರಿ, ಮುಳಾಮುಠಾ ಭೀಮೆಗೆ ಕೂಡಿ, ಉಜನಿ ಜಲಾಶಯ, ಪಂಢರಪುರಗಳನ್ನು ದಾಟಿ ನಮ್ಮ ನಾಡಿಗೆ ಬರುತ್ತದೆ, ಇಂಡಿ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತದೆ. ನಮ್ಮ ಗೇಟಿನಲ್ಲಿ ಸುರಿದ ಪೆಟ್ರೋಲ್ ಅಷ್ಟು ದೂರ ಉಳಿಯುವುದಿಲ್ಲ ನಿಜ, ಆದರೆ ಮೆಕ್ಯಾನಿಕ್ಕರಿಗೆ ಈ ದಾರಿಯನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಂಗಾರ ಯಾರ ಕೈಯಾಗ ಕೊಡೂದ್ರಿ ಸರ?"

ನನ್ನಲ್ಲಿ ಉತ್ತರವಿರಲಿಲ್ಲ, ಮತ್ತು ಉತ್ತರವಿಲ್ಲದಿರುವುದೇ ನನ್ನ ದೂರು. ಇಂಥ ತ್ಯಾಜ್ಯವನ್ನು ಸರಿಯಾದ ಶಾಖದಲ್ಲಿ ಸುಡುವ ಸ್ಥಾವರ ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ರಾಂಜಣಗಾಂವ್‌ನಲ್ಲಿದೆ. ಆದರೆ ಅದಿರುವುದು ಕಾರ್ಖಾನೆಗಳಿಗಾಗಿ. ಐದು ಲೀಟರ್ ಹಿಡಿದು ಹೋದ ಗೃಹಸ್ಥನಿಗೆ ಅಲ್ಲಿ ಬಾಗಿಲಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಿ, ಕೀಟನಾಶಕದ ಕ್ಯಾನ್, ಬ್ಯಾಟರಿ ಮುಂತಾದ ಮನೆಯ ಅಪಾಯಕಾರಿ ಕಸಕ್ಕೆ ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ತೆರೆಯಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಅಂಥ ಕೇಂದ್ರ ನಮಗೆ ಹತ್ತಿರದಲ್ಲಿ ಎಲ್ಲಿದೆಯೆಂದು ನಾನು ಕೇಳಿದ ಕಡೆಯಲ್ಲೆಲ್ಲ ಇನ್ನೊಂದು ಕಡೆಯ ವಿಳಾಸ ಸಿಕ್ಕಿತು. ಇತ್ತ ಕರ್ನಾಟಕದ ಕಥೆಯೂ ಬೇರೆಯಲ್ಲ. ಕಾರ್ಖಾನೆಯ ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯಲ್ಲಿ ಜಾಗವಿದೆ, ಸಾಗರದ ಕೊಟ್ಟಿಗೆಯ ಕ್ಯಾನಿಗೆ ಎಲ್ಲಿಯೂ ಇಲ್ಲ. ಅಮೆರಿಕದ ಹಲವು ಊರುಗಳಲ್ಲಿ ಮನೆಯವರೇ ಹಳೆಯ ಪೆಟ್ರೋಲನ್ನು ಮುಚ್ಚಿದ ಕ್ಯಾನಿನಲ್ಲಿ ತಂದೊಪ್ಪಿಸಲು ಗೊತ್ತಾದ ದಿನಗಳಿವೆ, ಕೇಂದ್ರಗಳಿವೆ. ಅಷ್ಟೇ ಸರಳವಾದದ್ದು ನಮಗೂ ಸಾಕು.

ಪುಣೆಗೆ ಅದು ಅಸಾಧ್ಯವೆಂದು ನಾನು ನಂಬುವುದಿಲ್ಲ, ಏಕೆಂದರೆ ಈ ಊರಿನಲ್ಲಿ ನಮ್ಮೂರಿನಲ್ಲಿಲ್ಲದ ಒಂದು ಶಕ್ತಿಯಿದೆ. ಇಲ್ಲಿ ಕಸ ಆಯುವವರೇ ಸೇರಿ 'ಸ್ವಚ್ಛ್' ಎಂಬ ಸಹಕಾರ ಸಂಘ ಕಟ್ಟಿಕೊಂಡು ಮನೆಮನೆಯ ಕಸ ಒಯ್ಯುತ್ತಾರೆ. ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ, ಮೇಲೊಂದು ಕೆಂಪು ಚುಕ್ಕೆ ಇಟ್ಟು ಕೊಡಿ ಎಂದು ಅವರು ಕೇಳಿದರು. ಕಸವನ್ನು ಮುಟ್ಟುವ ಕೈಗೆ ಒಳಗೇನಿದೆಯೆಂದು ತಿಳಿದಿರಬೇಕು ಎಂಬ ನ್ಯಾಯ ಅದು. ಗುರುತಿಲ್ಲದ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಒಣಕಸಕ್ಕೆ ಹಾಕುವವರಿಗೆ ಆ ಚುಕ್ಕೆ ನೆನಪಾಗಬೇಕು.

ವ್ಯವಸ್ಥೆ ಬರುವ ತನಕ ನಾವು ಮಾಡುತ್ತಿರುವುದನ್ನು ಹೇಳುತ್ತೇನೆ. ಮೊದಲನೆಯದಾಗಿ, ಹಳೆಯದನ್ನೂ ಕಲುಷಿತವಾದದ್ದನ್ನೂ ಬೇರೆ ಮಾಡಿ ನೋಡಬೇಕು. ಕೆಲವು ತಿಂಗಳು ನಿಂತಿದ್ದರೂ ತಿಳಿಯಾಗಿ ಉಳಿದ, ನೀರು ಕಸ ಸೇರದ ಪೆಟ್ರೋಲನ್ನು ಬಹುತೇಕ ತುಂಬಿದ ಟ್ಯಾಂಕಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಮುಗಿಸಬಹುದು; ವಿಲೇವಾರಿಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಬಣ್ಣ ಕಪ್ಪಿಟ್ಟದ್ದು, ಹುಳಿ ವಾಸನೆಯದು, ನೀರು ಕೂಡಿದ್ದು ಯಾವ ಎಂಜಿನ್‌ಗೂ ಹೋಗಬಾರದು. ಇಲ್ಲಿ ಮೆಕ್ಯಾನಿಕ್ಕರ ಹಳೆಯ ಅನುಭವ ಈಗ ಕೈಕೊಡುತ್ತದೆ. ಎಥನಾಲ್ ಇಲ್ಲದ ಕಾಲದಲ್ಲಿ ನೀರು ತಳಕ್ಕಿಳಿದ ಮೇಲೆ ಮೇಲಿನದು ಪೆಟ್ರೋಲಾಗಿಯೇ ಉಳಿಯುತ್ತಿತ್ತು. ಈಗ ಪಂಪುಗಳಲ್ಲಿ ಸಿಗುವುದು ಶೇಕಡಾ 20ರ ತನಕ ಎಥನಾಲ್ ಬೆರೆತದ್ದು. ಎಥನಾಲಿಗೆ ಪೆಟ್ರೋಲಿಗಿಂತ ನೀರೇ ಹತ್ತಿರದ ನೆಂಟ. ಸ್ವಲ್ಪ ನೀರನ್ನು ಅದು ಪೆಟ್ರೋಲಿನೊಳಗೇ ಅಡಗಿಸಿಕೊಳ್ಳುತ್ತದೆ, ಮಿತಿ ಮೀರಿದೊಡನೆ ನೀರಿನ ಕೈಹಿಡಿದು ತಳಕ್ಕೆ ಹೋಗುತ್ತದೆ. ಆ ಬಾಟಲಿಯ ಎರಡು ಬೆರಳಿನ ಮಬ್ಬು ಬರಿಯ ನೀರಲ್ಲ, ಹೊತ್ತಿಕೊಳ್ಳಬಲ್ಲ ಎಥನಾಲ್ ಸೇರಿದ ನೀರು. ಮೇಲೆ 'ಚೊಲೋ' ಕಂಡದ್ದು ಎಥನಾಲ್ ಕಳೆದುಕೊಂಡು ಆಕ್ಟೇನ್, ಅಂದರೆ ಎಂಜಿನ್‌ನಲ್ಲಿ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದಂತೆ ತಡೆಯುವ ಗುಣ, ಇಳಿದ ಪೆಟ್ರೋಲ್. ಅದನ್ನು ಹಾಕಿದ ಎರಡು ಗಾಡಿಗಳು ವಾರದೊಳಗೆ ಕಟಕಟ ಸದ್ದು ಮಾಡುತ್ತ ಅವರ ಗ್ಯಾರೇಜಿಗೇ ಮರಳಿದವು.

ತೆಗೆಯುವಾಗ ಬಾಯಿಯಿಂದ ಎಳೆಯುವುದು ಸಂಪೂರ್ಣ ನಿಲ್ಲಬೇಕು. ಒಂದು ಗುಟುಕು ದಾರಿ ತಪ್ಪಿ ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ನುಂಗಿದವರಿಗೆ ವಾಂತಿ ಮಾಡಿಸಲೂಬಾರದು, ಮತ್ತೆ ಮೇಲೆ ಬರುವಾಗ ಅದು ಅಲ್ಲಿಗೇ ಇಳಿಯುವ ಭಯವಿದೆ, ನೇರ ಆಸ್ಪತ್ರೆಗೇ ಹೋಗಬೇಕು. ಕೈಪಂಪು ಅಂಗಡಿಗಳಲ್ಲಿ ಸಿಗುತ್ತದೆ. ನೀರಿನ ಬಾಟಲಿ ಬೇಡ. ಮಗು ಅದನ್ನು ನೀರೆಂದೇ ಎತ್ತಿಕೊಳ್ಳುತ್ತದೆ. ಇಂಧನಕ್ಕೆಂದೇ ಮಾಡಿದ, ಬಿಗಿ ಮುಚ್ಚಳದ ಕ್ಯಾನನ್ನು ಬಯಲಿನಲ್ಲಿ ನೆಲದ ಮೇಲಿಟ್ಟು, ಹಿಗ್ಗಲು ಜಾಗ ಬಿಟ್ಟು ತುಂಬಬೇಕು. ಬಕೆಟ್ಟಿನಲ್ಲಿ ತೆರೆದಿಟ್ಟು ಆರಿಹೋಗಲಿ ಎನ್ನುವವರಿದ್ದಾರೆ. ಪಾರ್ಕಿಂಗ್‌ನಲ್ಲಿ ಹಾಗೆ ಮಾಡುವುದು ಮೇಲೆ ಹೇಳಿದ ಆವಿಯನ್ನು ಕೈಯಾರೆ ಕರೆದಂತೆ. ಚೆಲ್ಲಿದರೆ ಮರಳು ಹಾಕಬೇಕು, ಹೊತ್ತಿಕೊಂಡರೆ ನೀರು ಹೊಯ್ಯಬಾರದು, ಏಕೆಂದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹೊತ್ತೊಯ್ಯುತ್ತದೆ. ಮಾರಾಟಕ್ಕಲ್ಲದೆ 30 ಲೀಟರ್ ತನಕ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯಿದೆ ಪರವಾನಗಿ ಕೇಳುವುದಿಲ್ಲ, ಆದರೆ ಕುಟುಂಬಗಳು ವಾಸಿಸುವ ಕಟ್ಟಡದಲ್ಲಿ ಐದು ಲೀಟರ್ ದಾಟಬಾರದೆಂಬುದು ನಮ್ಮ ಕಟ್ಟುಪಾಡು.

ಕೊನೆಗೆ, ಕೊಡುವ ಕೈ. ಹಳೆಯ ಎಂಜಿನ್ ಆಯಿಲನ್ನು ಅಧಿಕೃತ ಮರುಬಳಕೆದಾರರಿಗೇ ಒಪ್ಪಿಸಬೇಕಾದ ದೊಡ್ಡ ಸರ್ವಿಸ್ ಸೆಂಟರ್‌ಗಳನ್ನು ನಾನು ಕೇಳುತ್ತ ಹೋದೆ. ಎರಡು ಕಡೆ ಒಪ್ಪಲಿಲ್ಲ. ಮೂರನೆಯ ಕಡೆಯ ಮ್ಯಾನೇಜರ್ ಒಂದು ಷರತ್ತಿನ ಮೇಲೆ ಒಪ್ಪಿದರು: ಡಬ್ಬಿಯ ಮೇಲೆ ಒಳಗಿರುವುದೇನು, ಎಷ್ಟು, ಯಾವ ದಿನದ್ದು ಎಂದು ಬರೆದಿರಬೇಕು, ಯಾವ ಕಾರಣಕ್ಕೂ ಅದನ್ನು ಹಳೆಯ ಆಯಿಲಿನ ಪೀಪಾಯಿಗೆ ಸುರಿದು ತರಬಾರದು. ಪೆಟ್ರೋಲ್ ಬೆರೆತರೆ ಪೀಪಾಯಿಯೆಲ್ಲ ಬೇಗ ಹೊತ್ತಿಕೊಳ್ಳುವ ವಸ್ತುವಾಗಿ, ಒಯ್ಯುವವರೂ ಮುಟ್ಟುವುದಿಲ್ಲ. ಅವರ ಕೇಳಿಕೆ ನ್ಯಾಯವಾದದ್ದು.

ಕಳೆದ ಮಳೆಗಾಲ ಮುಗಿದಾಗ ಅಪ್ಪಯ್ಯ ಕಳೆ ಯಂತ್ರದಲ್ಲಿ ಉಳಿದದ್ದನ್ನು ಕೊಟ್ಟಿಗೆಗೆ ಒಯ್ಯದೆ, ಆಯಿಲ್ ಬೆರೆಸಿಯೇ ಓಡುವ ತಮ್ಮ ಹಳೆಯ ಚೇತಕ್ ಸ್ಕೂಟರಿಗೆ ಹಾಕಿ ಅಡಿಕೆ ಮಂಡಿಗೆ ಹೋಗಿಬಂದರಂತೆ. ಇಲ್ಲಿ ನಮ್ಮ ಗೇಟಿನ ಹೊರಗಿನ ಗ್ಯಾರೇಜಿನಲ್ಲಿ, ನೆರಳಿನ ಗೋಡೆಯ ಬದಿಗೆ, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ 'ಕೆಟ್ಟ ಪೆಟ್ರೋಲ್' ಎಂದು ಬರೆದ ಕೆಂಪು ಕ್ಯಾನ್ ಇದೆ, ಪಕ್ಕದಲ್ಲಿ ಕೈಪಂಪು ತೂಗುತ್ತಿದೆ. ಮೊನ್ನೆ ಭಾನುವಾರ ಬೆಳಗ್ಗೆ ಮೆಕ್ಯಾನಿಕ್ಕರ ಫೋನ್ ಬಂತು. "ಕ್ಯಾನ್ ತುಂಬಾಕ ಬಂದೈತ್ರಿ ಸರ, ತಾರೀಖ ಬರದೇನಿ. ಯಾವಾಗ ಒಯ್ಯೂಣ್ರಿ?"