ತಮ್ಮವರನ್ನೂ ಬಿಡದ ಮಬಿನಿ

ಫಿಲಿಪ್ಪೀನ್ಸ್ ಸ್ವಾತಂತ್ರ್ಯ ಹೋರಾಟ ಎಂದರೆ ಮೊದಲು ಹೋಸೆ ರಿಸಾಲ್ ಹೆಸರು ಬರುತ್ತದೆ. ನನಗೆ ಮಾತ್ರ ಅಪೊಲಿನಾರಿಯೊ ಮಬಿನಿ ಮೇಲೆ ಜಾಸ್ತಿ ಅಭಿಮಾನ. ಬಟಾಂಗಾಸ್ ಪ್ರಾಂತ್ಯದ ತನಾವಾನ್ ಊರಿನ ಬಡ ರೈತರ ಮಗ. ಕಷ್ಟಪಟ್ಟು ಕಾನೂನು ಓದಿದರು. 1896ರಲ್ಲಿ ಎರಡೂ ಕಾಲುಗಳ ಶಕ್ತಿ ಹೋಯಿತು. ಅದಕ್ಕೆ ಲೈಂಗಿಕ ರೋಗ ಕಾರಣ ಎಂಬ ಗಾಳಿಸುದ್ದಿ ಅವರು ಸತ್ತ ಮೇಲೂ ನಿಲ್ಲಲಿಲ್ಲ. 1980ರಲ್ಲಿ ಮೂಳೆಗಳನ್ನು ಹೊರತೆಗೆದು ಪರೀಕ್ಷಿಸಿದಾಗ ಪೋಲಿಯೊ ಎಂದು ಖಚಿತವಾಯಿತು. ಎಂಥ ಅನ್ಯಾಯ!

1898ರ ಜೂನ್‌ನಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧದ ಕ್ರಾಂತಿಯ ನಾಯಕ ಅಗಿನಾಲ್ಡೊ ಕರೆ ಕಳಿಸಿದರು. ಜನ ಮಬಿನಿಯನ್ನು ಜೋಲಿಯಲ್ಲಿ ಹೊತ್ತು ತಂದರು. ಜೂನ್ 12ರ ಸ್ವಾತಂತ್ರ್ಯ ಘೋಷಣೆಯಲ್ಲಿ ಸ್ಪೇನ್‌ ಬೇಡ ಎನ್ನುತ್ತಲೇ ಅಮೆರಿಕದ ರಕ್ಷಣೆಯ ಮಾತೂ ಇತ್ತು. ಮಬಿನಿಗೆ ಅದು ಹಿಡಿಸಲಿಲ್ಲ. ಒಬ್ಬ ನಾಯಕ ಸಾರಿದರೆ ಸಾಲದು, ಊರೂರಿನ ಮುಖಂಡರ ಒಪ್ಪಿಗೆಯೂ ಬೇಕು ಎಂದರು. ಆಗಸ್ಟ್ 1ರಂದು ಬಾಕೋರ್‌ನಲ್ಲಿ ಹಾಗೇ ನಡೆಯಿತು.

1899ರ ಜನವರಿಯಲ್ಲಿ ಹೊಸ ಫಿಲಿಪ್ಪೀನ್ಸ್ ಗಣರಾಜ್ಯದ ಪ್ರಧಾನಿಯಾದರು. ಫೆಬ್ರವರಿಯಲ್ಲಿ, ಸ್ಪೇನ್ ಜಾಗದಲ್ಲಿ ತಾನೇ ಆಳಲು ಬಂದ ಅಮೆರಿಕದೊಡನೆ ಯುದ್ಧ ಶುರು. ಅಮೆರಿಕದ ಕೈಕೆಳಗಿನ ಸ್ವಾಯತ್ತತೆಯೇ ಸಾಕು ಎನ್ನುವವರ ಕೈ ಮೇಲಾಯಿತು. ಮೇ ತಿಂಗಳಲ್ಲಿ ಮಬಿನಿ ಹುದ್ದೆ ಬಿಡಬೇಕಾಯಿತು. ಡಿಸೆಂಬರ್‌ನಲ್ಲಿ ಸೆರೆ ಸಿಕ್ಕರು. ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. 1901ರಲ್ಲಿ ಅವರನ್ನು ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು.

ಅಲ್ಲಿ ಕೂತು ಕ್ರಾಂತಿಯ ಚರಿತ್ರೆ ಬರೆದರು. ನನಗೆ ಅವರು ತುಂಬ ದೊಡ್ಡವರಾಗಿ ಕಾಣುವುದು ಈ ಬರವಣಿಗೆಯಲ್ಲಿ. ಸೋತ ಮೇಲೆ ತಪ್ಪನ್ನೆಲ್ಲ ಎದುರಾಳಿ ಮೇಲೆ ಹಾಕುವುದು ಸುಲಭ, ಅಲ್ವಾ? ಮಬಿನಿ ಹಾಗೆ ಮಾಡಲಿಲ್ಲ. ಕತಿಪುನಾನ್ ಎಂಬ ಗುಪ್ತ ಕ್ರಾಂತಿ ಸಂಘಟನೆ ಕಟ್ಟಿದ ಬೊನಿಫಾಸಿಯೊಗೆ 1897ರಲ್ಲಿ ಮರಣದಂಡನೆ ಕೊಟ್ಟವರು ಕ್ರಾಂತಿಕಾರಿಗಳೇ. 1899ರಲ್ಲಿ ಜನರಲ್ ಲೂನಾರನ್ನು ಕೊಂದವರೂ ತಮ್ಮದೇ ಪಡೆಯ ಸೈನಿಕರು. ಎರಡನ್ನೂ ಮಬಿನಿ ಮುಚ್ಚಿಡಲಿಲ್ಲ. ನಾಯಕತ್ವ ಕೆಟ್ಟದ್ದರಿಂದಲೇ ಕ್ರಾಂತಿ ಸೋತಿತು ಎಂದು ನೇರವಾಗಿ ಬರೆದರು. ತಾವೇ ಸಲಹೆಗಾರರಾಗಿದ್ದ ಅಗಿನಾಲ್ಡೊ ಬಗ್ಗೆ ಈ ಮಾತು! ಇಂಥ ಧೈರ್ಯ ರಣರಂಗದ ಧೈರ್ಯಕ್ಕಿಂತ ಕಡಿಮೆ ಎಂದು ನಾನು ಒಪ್ಪುವುದಿಲ್ಲ.

1903ರ ಫೆಬ್ರವರಿಯಲ್ಲಿ ಕೊನೆಗೂ ಆ ಪ್ರಮಾಣ ಮಾಡಿ ಮನಿಲಾಕ್ಕೆ ಮರಳಿದರು. ಜೊತೆಗೆ ಬಂದ ಜನರಲ್ ರಿಕಾರ್ಟೆ ಒಪ್ಪದೆ ಮತ್ತೆ ಗಡೀಪಾರಾದರು. ರಿಕಾರ್ಟೆ ಅವರ ಹಠದ ಮೇಲೆ ನನಗೆ ಗೌರವವಿದೆ. ಹಾಗಂತ ಮಬಿನಿ ಸೋತು ಶರಣಾದರು ಎನ್ನಲಾರೆ. ಗಣರಾಜ್ಯ ಮುರಿದುಬಿದ್ದಿತ್ತು. ಜೊತೆಗೆ ಗಡೀಪಾರಾಗಿದ್ದವರಲ್ಲಿ ಹೆಚ್ಚಿನವರು ಆಗಲೇ ಪ್ರಮಾಣ ಮಾಡಿ ಮನೆ ಸೇರಿದ್ದರು. ಎರಡು ವರ್ಷ ತಡೆದುಕೊಂಡಿದ್ದರು ಈ ಮನುಷ್ಯ, ನಡೆಯಲಾಗದ ಕಾಲುಗಳೊಡನೆ. ಊರಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ, ಮೇ 13ರಂದು ಕಾಲರಾದಿಂದ ತೀರಿಕೊಂಡರು. ಆಗ ಅವರಿಗೆ 38 ವರ್ಷ.