ರೀ ಎಂದರೆ ಯಾವ ರೀ?

ಪ್ಯಾರಿಸ್ಸಿನ 11ನೇ ಅರೊಂದಿಸ್ಮಾಂನ (ಅಂದರೆ ವಾರ್ಡಿನ) ಬಿಸ್ತ್ರೋ ಒಂದಕ್ಕೆ, ಎಂದರೆ ಪುಟ್ಟ ಊಟದ ಮನೆಗೆ, ನಾನೂ ನನ್ನ ಹೆಂಡತಿಯೂ ಸಂಜೆ ಆರೂವರೆಗೇ ಹೋಗಿ ನಿಂತದ್ದು ಮೊದಲ ತಪ್ಪು. ಗಾಜಿನ ಬಾಗಿಲಿನಾಚೆ ಸಿಬ್ಬಂದಿಯೇ ಕುಳಿತು ಊಟ ಮಾಡುತ್ತಿದ್ದರು. ಏಳೂವರೆಯಾಗದೆ ಅಲ್ಲಿ ಗಿರಾಕಿಗಳಿಗೆ ಹಸಿವಾಗುವಂತಿಲ್ಲ. 1814ರಲ್ಲಿ ಪ್ಯಾರಿಸ್ಸಿಗೆ ಬಂದಿಳಿದ ರಷ್ಯನ್ ಸೈನಿಕರು ‘ಬಿಸ್ತ್ರ, ಬಿಸ್ತ್ರ’, ಅಂದರೆ ‘ಬೇಗ, ಬೇಗ’ ಎಂದು ಗದರಿದ್ದರಿಂದ ಬಿಸ್ತ್ರೋ ಎಂಬ ಹೆಸರು ಬಂತೆಂದು ಒಂದು ಕಥೆಯಿದೆ. ಭಾಷಾತಜ್ಞರು ಅದನ್ನು ನಂಬುವುದಿಲ್ಲ. ಒಂದು ಗಂಟೆ ಬೀದಿಯಲ್ಲಿ ನಿಂತ ಮೇಲೆ ನಾನೂ ನಂಬುವುದಿಲ್ಲ.

ಒಳಗೆ ಮೇಜುಗಳ ನಡುವೆ ಒಂದು ಗೇಣು ಜಾಗ. ಮಾಣಿ ಇಡೀ ಮೇಜನ್ನು ಡ್ರಾಯರಿನಂತೆ ಹೊರಗೆಳೆದು, ಹೆಂಡತಿಯನ್ನು ಗೋಡೆಗಂಟಿದ ಬೆಂಚಿನ ಮೇಲೆ ಕೂರಿಸಿ, ಮತ್ತೆ ಒಳಗೆ ತಳ್ಳಿದ. ಮೆನು ಎಂದರೆ ಸೀಮೆಸುಣ್ಣದಲ್ಲಿ ಬರೆದ ದೊಡ್ಡ ಕರಿಹಲಗೆ. ಅದಕ್ಕೂ ಒಂದು ಕುರ್ಚಿ ಕೊಟ್ಟು ನಮ್ಮ ಪಕ್ಕದಲ್ಲೇ ಕೂರಿಸಿದ. ಅಕ್ಷರವಂತೂ ವೈದ್ಯರ ಚೀಟಿಯದು.

ಮೂರು ವಾರ ಮೊಬೈಲ್ ಕಿವಿಗಿಟ್ಟುಕೊಂಡು ಕಲಿತ ನನ್ನ ಫ್ರೆಂಚಿನಲ್ಲಿ ‘ರಿ’ ಎಂದರೆ ಅಕ್ಕಿ, ಅನ್ನ. ಹಲಗೆಯ ಎರಡನೇ ಸಾಲಿನಲ್ಲಿ ‘ರಿ ದ ವೋ’ ಎಂದಿತ್ತು.

“ರೀ, ಅದು ಅನ್ನವೇನೋ ಕೇಳಿ,” ಎಂದಳು ಹೆಂಡತಿ. ನಾನು ಬೆರಳು ತೋರಿಸಿ “ರಿ?” ಎಂದೆ. ಮಾಣಿ “ವಿ, ರಿ,” ಅಂದರೆ ‘ಹೌದು, ರಿ’ ಎಂದು ಬರೆದುಕೊಂಡ. ಇಬ್ಬರೂ ಸತ್ಯವನ್ನೇ ಹೇಳಿದ್ದೆವು. ಬರಹದಲ್ಲಿ ಕೊನೆಯ ಒಂದೇ ಅಕ್ಷರ ಬೇರೆ, ಅದನ್ನು ಯಾರೂ ಉಚ್ಚರಿಸುವುದಿಲ್ಲ. ಒಂದು ರಿ ಅಕ್ಕಿ. ಇನ್ನೊಂದು ಎಳೆಗರುವಿನ ಕತ್ತಿನ ಗ್ರಂಥಿ.

ಬೆಣ್ಣೆಯ ನೊರೆಯಲ್ಲಿ ಹೊಂಬಣ್ಣದ ಮೂರು ಉಂಡೆಗಳು ಬಂದವು. ನಾನು ಫೋರ್ಕ್ ಎತ್ತುವಷ್ಟರಲ್ಲಿ ಹೆಂಡತಿ ಮೊಬೈಲಿನಲ್ಲಿ ಹೆಸರು ಹುಡುಕಿದ್ದಳು. “ರೀ, ಕೆಳಗಿಡಿ!” ಸಸ್ಯಾಹಾರಿಗಳೆಂದು ಕೈಸನ್ನೆಯಲ್ಲಿ ತಿಳಿಸಿದ್ದಕ್ಕೆ ಮಾಣಿ ಗೊಣಗದೆ ತಟ್ಟೆ ಒಯ್ದು, ಇಡಿಯಾಗಿ ಸುಟ್ಟ ಹೂಕೋಸು ತಂದಿಟ್ಟ. ಪುಣ್ಯಾತ್ಮ.

ಅದರಲ್ಲಿ ವದೂವಾನ್ ಇದೆ, ಜೀರಿಗೆಯ ಸುಳಿವಿದೆ ಎಂದು ಮಂತ್ರದಂತೆ ಹೇಳಿದ. ವದೂವಾನ್ ಎಂದರೆ ತಮಿಳರ ವಡಗ. ಪುದುಚೇರಿಯ ಫ್ರೆಂಚರ ಕೈಗೆ ಸಿಕ್ಕಿ ಸಾಧುವಾದ ಈರುಳ್ಳಿ-ಬೆಳ್ಳುಳ್ಳಿಯ ಮಸಾಲೆ. ಹೂಕೋಸಿನ ಕಂದಿದ ಅಂಚು ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಸಾಲೆ ಮಾತ್ರ ಪಕ್ಕದ ಕೋಣೆಯಲ್ಲಿ ಯಾರೋ ಡಬ್ಬಿ ತೆರೆದು ಮುಚ್ಚಿದ ಹಾಗಿತ್ತು.

ಖಾರ ಕೇಳಿದೆವು. ಹೆಬ್ಬೆರಳಿನಷ್ಟು ಬಟ್ಟಲಿನಲ್ಲಿ ಕೆಂಪು ಪುಡಿ ಬಂತು: ಬಾಸ್ಕ್ ಸೀಮೆಯ ಎಸ್ಪೆಲೆತ್ ಮೆಣಸಿನಕಾಯಿ, 2000ನೇ ಇಸವಿಯಿಂದ ಮೂಲಸ್ಥಾನದ ಮುದ್ರೆ ಹೊತ್ತದ್ದು. ಮಾಣಿ ಎರಡು ಬೆರಳಲ್ಲಿ ಚಿಟಿಕೆ ಹಿಡಿದು ಉದುರಿಸುವ ಬಗೆ ತೋರಿಸಿದ. ಹೆಂಡತಿ ಬಟ್ಟಲನ್ನೇ ಬೋರಲು ಹಾಕಿದಳು. ಅವನ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಅವಳು ನಿಧಾನವಾಗಿ ಅಗಿದು, “ಬಣ್ಣ ಚೆನ್ನಾಗಿದೆ,” ಎಂದಳು.

ಕೊನೆಗೆ ಸ್ಟ್ರಾಬೆರಿ. ನೇಪಾಳದ ತಿಮುರ್ ಕಾಳು ಹಾಕಿದ್ದೇವೆ, ಜೋಪಾನ ಎಂದೇನೋ ಹೇಳಿದ. ಅಷ್ಟು ಹೊತ್ತಿಗೆ ಅವನ ಮಸಾಲೆಯ ಮಂತ್ರದಲ್ಲಿ ನಮಗೆ ನಂಬಿಕೆ ಉಳಿದಿರಲಿಲ್ಲ. ತಟ್ಟೆಯ ಅಂಚಿನಲ್ಲಿದ್ದ ಆ ಕಾಳಿನ ಕಪ್ಪು ಸಿಪ್ಪೆಗಳನ್ನೆಲ್ಲ ಬಳಿದು ಒಂದೇ ಚಮಚಕ್ಕೆ ಬಾಯಿಗೆ ಹಾಕಿಕೊಂಡೆ. ಮೊದಲು ಚಕ್ಕೋತದಂಥ ಪರಿಮಳ. ಆಮೇಲೆ ತುಟಿ ಜುಮುಗುಟ್ಟತೊಡಗಿತು. ಆಮೇಲೆ ನಾಲಗೆ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕಾಯಿತು. ಫ್ರಾನ್ಸಿನಲ್ಲಿ ಊಟದ ಜೊತೆ ನಲ್ಲಿ ನೀರು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಹೂಜಿಯನ್ನು ಪೂರ್ತಿ ಬರಿದು ಮಾಡಿದೆ.

“ಸಿಕ್ಕಿತೇ ಮಸಾಲೆ?” ಎಂದು ಹೆಂಡತಿ ಕೇಳಿದಳು. ಉತ್ತರಿಸಲು ನಾಲಗೆ ಏಳಲಿಲ್ಲ.

ಕೇಳದೆ ಬಿಲ್ ತರುವುದು ಅಲ್ಲಿ ಅಸಭ್ಯತೆ. ಹಾಗಾಗಿ ನನ್ನ ನಾಲಗೆಗೆ ಜೀವ ಬರುವ ತನಕ ಇಬ್ಬರೂ ಸುಮ್ಮನೆ ಕುಳಿತೆವು. ಹಣ ಕೊಟ್ಟು, ಕೊಡೆ ಹಿಡಿದು ಬಾಗಿಲ ತನಕ ನಡೆದುಬಿಟ್ಟೆ. ಮೇಜಿನ ಹಿಂದೆ ಸಿಕ್ಕಿಕೊಂಡಿದ್ದ ಹೆಂಡತಿ ಇಡೀ ಬಿಸ್ತ್ರೋಗೆ ಕೇಳುವಂತೆ ಕೂಗಿದಳು:

“ರೀ!”

ನಾನು ತಿರುಗುವ ಮೊದಲೇ ಮಾಣಿ ಗಾಬರಿಯಿಂದ ಅವಳತ್ತ ಓಡಿದ್ದ.

“ರಿ, ಮದಾಮ್?”